ನನ್ನ ಸ್ಕೋರು ರಿಪೇರಿಗೆ ವಕೀಲರು ಬಂದದ್ದು

ಹುಣಸೂರಿನಲ್ಲಿ ಹತ್ತೊಂಬತ್ತು ವರ್ಷದಿಂದ ರವಿಕೆ ಹೊಲಿಯುತ್ತಿದ್ದೇನೆ. ಇಂಥ ಪಜೀತಿಗಳು ಬೇರೆಯವರಿಗೂ ಆಗುತ್ತವೋ ಏನೋ, ನನ್ನನ್ನಂತೂ ವಿಳಾಸ ಕೇಳಿಕೊಂಡು ಹುಡುಕಿ ಬರುತ್ತವೆ. ಈ ಸಲದ್ದಕ್ಕೆ ನಗಲೂ ಆಗದಷ್ಟು ಸುಸ್ತಾಗಿದ್ದೇನೆ. ನೀವಾದರೂ ನಗಿ.

ಮೈಸೂರುಪಾಕು

ಎದುರಂಗಡಿಗೆ ಎಂಬ್ರಾಯ್ಡರಿ ಮಷಿನ್ ಬಂದ ಮೇಲೆ ಮದುವೆ ರವಿಕೆಗಳೆಲ್ಲ ರಸ್ತೆ ದಾಟಿದವು. ನನಗೆ ಉಳಿದದ್ದು ಸೀರೆಗೆ ಫಾಲ್ ಹೊಲಿಯುವುದು, ಹರಿದ ಬ್ಯಾಗಿಗೆ ಜಿಪ್ ಹಾಕುವುದು. ನಾನೂ ಒಂದು ಮಷಿನ್ ತರದಿದ್ದರೆ ಅಂಗಡಿ ಬಾಗಿಲು ಹಾಕಬೇಕಾಗಿತ್ತು. ಸಾಲ ಕೇಳಲು ಬ್ಯಾಂಕಿಗೆ ಹೋದೆ.

ಮ್ಯಾನೇಜರು ಕಂಪ್ಯೂಟರ್ ನೋಡಿ, "ನಿಮ್ಮ ಕ್ರೆಡಿಟ್ ಸ್ಕೋರು ಕೆಟ್ಟಿದೆಯಲ್ಲಮ್ಮ. ಯಾವುದೋ ಸಂಘದ ಸಾಲ ಇನ್ನೂ ಬಾಕಿ ಅಂತ ತೋರಿಸ್ತಿದೆ" ಎಂದರು.

ಅದು ನಾವು ಹತ್ತು ಜನ ಹೆಂಗಸರು ಸಂಘ ಕಟ್ಟಿಕೊಂಡು ಫೈನಾನ್ಸಿನಲ್ಲಿ ತೆಗೆದ ಸಾಲ. ತೀರಿಸಿ ಮೂರು ವರ್ಷವಾಗಿತ್ತು. ಸಂಘದ ಮುಂದಾಳು ಅಕ್ಕನ ಹತ್ತಿರ ಓಡಿದೆ. "ಅಕ್ಕ, ಸಾಲ ತೀರಿದ್ದಕ್ಕೆ ಕಾಗ್ದ ಇಸ್ಕಂಡಿದ್ವಾ?"

"ಯಾವ್ ಕಾಗ್ದ? ಆಫೀಸ್ನೋರ್ಗೆಲ್ಲ ಮೈಸೂರ್‌ಪಾಕ್ ಅಂಚಿ, ಫೋಟೋ ತೆಗಿಸ್ಕಂಡು ಬಂದ್ವಲ್ಲ. ಫೋಟೋ ಐತೆ ಕಣೆ, ಬೇಕಾ?"

ನೋಟಿಸು

ಸ್ಕೋರು ಸರಿಮಾಡಿಕೊಡುವ ವಕೀಲರ ಕಂಪನಿಯೊಂದು ಮೈಸೂರಿನಲ್ಲಿದೆ ಎಂದು ಮೊಬೈಲಿನಲ್ಲಿ ಜಾಹೀರಾತು ಬಂತು. ಫೋನು ಮಾಡಿದರೆ ಜೇನಿನಂಥ ದನಿಯ ಹುಡುಗಿ. "ಫೀಸು ಕಂತಲ್ಲಿ ಕೊಡಿ ಮೇಡಂ" ಎಂದಳು. ಅವಳು ಕಳಿಸಿದ ಆ್ಯಪಿನಲ್ಲಿ, ಅವಳು ಒತ್ತಿ ಎಂದ ಕಡೆಯಲ್ಲೆಲ್ಲ ಒತ್ತಿದೆ.

ವಕೀಲರು ಮಾಡಿದ ಮೊದಲ ಕೆಲಸ, ಆ ಫೈನಾನ್ಸ್ ಆಫೀಸಿಗೆ ನೋಟಿಸು ಕಳಿಸಿದ್ದು. ಆಫೀಸಿನ ಯಜಮಾನರು ನಮ್ಮ ಬೀದಿಯವರೇ. ದಿನಾ "ಊಟ ಆಯ್ತಾ ಅಕ್ಕ?" ಎಂದು ಕೇಳಿಯೇ ಮುಂದೆ ಹೋಗುತ್ತಿದ್ದವರು. ನೋಟಿಸು ಬಂದ ಮಾರನೆಯ ದಿನದಿಂದ ಆಚೆ ಬದಿಯಲ್ಲಿ ನಡೆಯತೊಡಗಿದರು. ನಮ್ಮ ಊರಲ್ಲಿ ಕೋರ್ಟಿನ ಕಾಗದ ಕಳಿಸುವುದೆಂದರೆ ಮನೆ ಮುಂದೆ ನಿಂತು ಬೈದಂತೆ. ನನಗೆ ಅದು ಹೊಳೆಯಲಿಲ್ಲ, ವಕೀಲರಿಗೆ ಗೊತ್ತಿರಲಿಲ್ಲ.

ಅವತ್ತು ಸಂಜೆ ಯಜಮಾನರ ಹೆಂಡತಿ ಬಂದು, ಹೊಲಿಯಲು ಕೊಟ್ಟಿದ್ದ ಬಟ್ಟೆಯನ್ನು ವಾಪಸ್ ಕೇಳಿದರು. "ಕಟ್ ಮಾಡ್ಬುಟ್ಟಿದೀನಲ್ಲ" ಎಂದೆ.

"ಇರ್ಲಿ ಬುಡಿ. ನಿಮ್ ವಕೀಲ್ರ ಕೈಲೇ ಒಲಿಸ್ಕೋತೀನಿ."

ದಾಖಲೆ

ಆಮೇಲೆ ವಾರಕ್ಕೊಂದು ಫೋನು. ಆಧಾರ್ ಕಳಿಸಿ, ಪಾಸ್‌ಬುಕ್ ಕಳಿಸಿ, ಆಧಾರ್ ಮಸುಕಾಗಿದೆ ಮತ್ತೆ ಕಳಿಸಿ. ಜೆರಾಕ್ಸ್ ಅಂಗಡಿಯವನು ನಾನು ಬರುವುದು ಕಂಡರೆ ಮಷಿನ್ ಆನ್ ಮಾಡುತ್ತಿದ್ದ. ಮೂರನೇ ತಿಂಗಳು ಹುಡುಗಿ, "ಈಗ ಸಾಲ ತೀರಿದ ಪತ್ರ ಒಂದು ಕಳಿಸಿಬಿಡಿ ಮೇಡಂ" ಎಂದಳು.

"ಅದಿಲ್ಲ ಅಂತಲೇ ಅಲ್ವೇನಮ್ಮ ನಿಮ್ಮನ್ನ ಇಡ್ಕಂಡಿದ್ದು?"

"ಹೌದು ಮೇಡಂ. ಅದೊಂದಿದ್ರೆ ನಮಗೆ ಕೆಲಸ ಸುಲಭ."

ನನಗೆ ರೇಗಿಹೋಯಿತು. ಹೊಲಿಯದ ರವಿಕೆಗೆ ನಾನು ಯಾರ ಹತ್ತಿರವೂ ದುಡ್ಡು ಇಸಿದುಕೊಂಡವಳಲ್ಲ. ಮಾಡದ ಕೆಲಸಕ್ಕೆ ನಾನ್ಯಾಕೆ ಕೊಡಲಿ ಎಂದು ಅವತ್ತೇ ಕಂತು ಕಟ್ಟುವುದನ್ನು ನಿಲ್ಲಿಸಿದೆ.

ಐದು ನಿಮಿಷ

ಕೊನೆಗೆ ನಾಚಿಕೆ ಬಿಟ್ಟು, ಕಾಲು ಕೇಜಿ ಮೈಸೂರುಪಾಕು ಕಟ್ಟಿಸಿಕೊಂಡು ಫೈನಾನ್ಸ್ ಆಫೀಸಿಗೆ ನಾನೇ ಹೋದೆ. "ತಪ್ಪಾಯ್ತು ಕಣಣ್ಣ" ಎಂದೆ. ಯಜಮಾನರು ಒಂದು ತುಂಡು ಬಾಯಿಗೆ ಹಾಕಿಕೊಂಡು ಡ್ರಾಯರ್ ಎಳೆದರು. ಹತ್ತೂ ಜನರ ಪತ್ರ ಅಲ್ಲೇ ಇತ್ತು.

"ಅವತ್ತೇ ಕೊಡುವಾ ಅಂತಿದ್ದೆ. ನೀವು ಫೋಟೋ ತೆಗಿಸ್ಕಂಡು ಒಂಟೋದ್ರಿ."

"ಮತ್ತೆ ನೋಟಿಸ್ ಬಂದಾಗ್ಲಾದ್ರೂ ಕೊಡಬಾರ್ದಿತ್ತಾ?"

"ನೋಟಿಸ್ ಬಂದ್ಮೇಲೆ ನಾವು ಮಾತಾಡಂಗಿಲ್ಲ ಅಕ್ಕ. ನಮ್ ವಕೀಲ್ರು ನಿಮ್ ವಕೀಲ್ರಿಗೆ ಬರೀತಾವ್ರೆ. ಇಬ್ರೂ ಚೆನ್ನಾಗಿ ಬರೀತಾರೆ."

ಹೊಸದು

ಆ ಪತ್ರ ಹಿಡಿದು ಬ್ಯಾಂಕಿಗೆ ಹೋದೆ. ಮ್ಯಾನೇಜರು ತಮ್ಮ ಕಂಪ್ಯೂಟರಿನಲ್ಲೇ ತಿದ್ದುಪಡಿಯ ಅರ್ಜಿ ಹಾಕಿಸಿದರು. "ಫೀಸೆಷ್ಟು ಸಾರ್?" ಎಂದೆ. "ಇದಕ್ಕೆ ಫೀಸಿಲ್ಲಮ್ಮ" ಎಂದರು. ಅಲ್ಲೇ ಕೂತು ಅಳಬೇಕು ಅನ್ನಿಸಿತು.

ತಿಂಗಳು ಬಿಟ್ಟು ಮತ್ತೆ ಬ್ಯಾಂಕಿಗೆ ಹೋದಾಗ ಅವರು ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಹಳೇದು ಹೋಯ್ತು. ಆದ್ರೆ ಇದ್ಯಾವುದಮ್ಮ ಹೊಸ ಬಾಕಿ?"

ಅದು ವಕೀಲರ ಫೀಸು. ನಾನು ಒತ್ತಿದ ಆ್ಯಪು ನನ್ನ ಹೆಸರಿನಲ್ಲಿ ಸಾಲ ತೆಗೆದು, ವಕೀಲರ ದುಡ್ಡನ್ನು ಮೊದಲ ದಿನವೇ ಅವರಿಗೆ ಪೂರ್ತಿ ಕೊಟ್ಟಿತ್ತು. ನಾನು ನಿಲ್ಲಿಸಿದ್ದು ಆ ಸಾಲದ ಕಂತು. ಸ್ಕೋರು ಮೊದಲಿಗಿಂತ ಕೆಳಗಿತ್ತು. ಎಂಬ್ರಾಯ್ಡರಿ ಮಷಿನ್ ಈ ಮದುವೆ ಕಾಲಕ್ಕೂ ಇಲ್ಲ.

ಹೊರಗೆ ಬಂದು ಹುಡುಗಿಗೆ ಫೋನು ಮಾಡಿ, ಬಾಯಿಗೆ ಬಂದದ್ದೆಲ್ಲ ಅಂದೆ. ಅವಳು ಪೂರ್ತಿ ಕೇಳಿಸಿಕೊಂಡಳು.

"ಬೇಜಾರು ಮಾಡ್ಕೋಬೇಡಿ ಮೇಡಂ. ಇಂಥ ಬಾಕಿ ತೆಗೆಸೋದೇ ನಮ್ಮ ಕೆಲಸ" ಎಂದಳು. ನನಗೆ ದುಡ್ಡಿನ ತೊಂದರೆ ಇರಬೇಕೆಂದುಕೊಂಡು ಸಮಾಧಾನ ಹೇಳಿದಳು:

"ಫೀಸು ಕಂತಲ್ಲೇ ಕೊಡಿ ಮೇಡಂ."