ನನ್ನ ಕುತ್ತಿಗೆಗೆ ಬಿದ್ದ ಮಾರ್ಕ್ಸು

ದೇವರು ಮನುಷ್ಯನಿಗೆ ಕುತ್ತಿಗೆ ಯಾಕೆ ಕೊಟ್ಟನೆಂಬುದು ಅದು ಹಿಡಿದುಕೊಂಡಾಗಲೇ ತಿಳಿಯುವುದು. ಅಲ್ಲಿಯವರೆಗೆ ನಾನು ಅದನ್ನು ತಲೆಗೂ ಅಂಗಿಯ ಕಾಲರಿಗೂ ನಡುವಿನ ಖಾಲಿ ಜಾಗವೆಂದೇ ತಿಳಿದಿದ್ದೆ. ಡಫಳಾಪುರದಲ್ಲಿ ಮಾಸ್ತರಿಕೆ ಮಾಡುವವನಿಗೆ ಕುತ್ತಿಗೆಯ ಕೆಲಸವಾದರೂ ಎಷ್ಟು? ಸಾಹೇಬರು ತಪಾಸಣೆಗೆ ಬಂದಾಗ ತಗ್ಗಿಸಬೇಕು, ಮನೆಯಲ್ಲಿ ಹೆಂಡತಿ ಮಾತಾಡುವಾಗ ಆಡಿಸಬೇಕು. ಸಾವಿರದ ಒಂಬೈನೂರ ಎಪ್ಪತ್ತರ ಆಚೀಚೆಯ ಒಂದು ಬೇಸಿಗೆಯಲ್ಲಿ, ಬೆಳಿಗ್ಗೆ ಹಾಸಿಗೆಯಿಂದ ಏಳುವಷ್ಟರಲ್ಲಿ ಅದು ಎಡಕ್ಕೆ ತಿರುಗಿ ಅಲ್ಲೇ ನಿಂತುಬಿಟ್ಟಿತು. ಬಲಗಡೆಯ ಹುಡುಗರನ್ನು ನೋಡಬೇಕೆಂದರೆ ಇಡೀ ಮಾಸ್ತರನೇ ತಿರುಗಬೇಕಾಯಿತು. ಬೆಂಚಿನ ಮೇಲೆ ನಿಲ್ಲಿಸಿದ ಹುಡುಗರು ನಾನು ತಿರುಗುವಷ್ಟರಲ್ಲಿ ಕೂತು, ಮತ್ತೆ ನಿಂತಿರುತ್ತಿದ್ದರು.

ಬೇರೆ ದಿನಗಳಲ್ಲಾಗಿದ್ದರೆ ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ಮಾಡಗ್ಯಾಳದಲ್ಲಿ ನನ್ನ ಹೆಂಡತಿ ನೀಲವ್ವನ ತಮ್ಮನ ಮದುವೆ ಹತ್ತಿರ ಬಂದಿತ್ತು. ನನ್ನ ಮಾವನ ಮನೆಯ ಮದುವೆಗಳಲ್ಲಿ ಆಯೇರಿ, ಅಂದರೆ ನೆಂಟರಿಗೆ ಉಡುಗೊರೆ, ಮಾಡುವಾಗ ಮೊದಲ ರುಮಾಲು ಸುತ್ತುವುದು ಹಿರಿಯ ಅಳಿಯನ ತಲೆಗೆ. ಹಿರಿಯ ಅಳಿಯ ನಾನು. ಆ ಮನೆಯಲ್ಲಿ ನನ್ನ ಹಿರಿತನಕ್ಕೆ ಇದ್ದ ಸಾಕ್ಷಿ ಅದೊಂದೇ. ಕಿರಿಯ ಅಳಿಯ, ಅಂದರೆ ನನ್ನ ಷಡ್ಡಕ, ತಿಕೋಂಡಿಯ ಕುರಿ ವ್ಯಾಪಾರಿ. ಹುರಿಮೀಸೆ, ಕಂಬದಂಥ ಕುತ್ತಿಗೆ. ರುಮಾಲು ನಿಜವಾಗಿ ಒಪ್ಪುವುದು ಅವನಿಗೇ ಎಂದು ನಮ್ಮ ಅತ್ತೆ ಒಮ್ಮೆ ಅಂದಿದ್ದರು. ನನ್ನ ಕಿವಿಗೆ ಬೀಳಲೆಂದೇ ಅಂದದ್ದೆಂದು ನನಗೆ ಈಗಲೂ ಗುಮಾನಿ. ಪ್ರಾಣ ಹೋದರೂ ಆ ರುಮಾಲು ಬಿಡಬಾರದೆಂದುಕೊಂಡು, ನೀಲವ್ವನನ್ನು ಕರೆದುಕೊಂಡು ತಾಲೂಕಿನ ಊರಾದ ಜತ್ತಿಗೆ ಹೊರಟೆ.

ಅಲ್ಲಿ ಒಬ್ಬ ಡಾಕ್ಟರು ಹೊಸದಾಗಿ ದವಾಖಾನೆ ತೆರೆದಿದ್ದರು. ವಿಜಾಪುರದ ಕಡೆಯವರು, ಚಿಕ್ಕ ವಯಸ್ಸು, ಮಿರಜಿಯಲ್ಲಿ ಓದಿದವರು. ನೋವು ಎಲ್ಲರಿಗೂ ಇರುತ್ತದೆ, ಅದರಿಂದ ಮನುಷ್ಯ ಎಷ್ಟು ನಿಕಾಮಿಯಾಗಿದ್ದಾನೆ, ಕೆಲಸಕ್ಕೆ ಬಾರದವನಾಗಿದ್ದಾನೆ ಎಂದು ಅಳೆಯುವುದೇ ಮುಖ್ಯ ಎಂಬುದು ಅವರ ವಾದ. ಅದಕ್ಕಾಗಿ ತಾವೇ ಒಂದಿಷ್ಟು ಪ್ರಶ್ನೆ ಬರೆದಿಟ್ಟಿದ್ದರು. ಸರಾಗವಾಗಿ ಮಾಡುವ ಕೆಲಸಕ್ಕೆ ಸೊನ್ನೆ, ಆಗುವುದೇ ಇಲ್ಲವೆಂದರೆ ಐದು. ಜನ್ಮವೆಲ್ಲ ಮಾರ್ಕ್ಸು ಕೊಟ್ಟವನು ಮೊದಲ ಸಲ ಪರೀಕ್ಷೆಗೆ ಕೂತೆ.

ಆದರೆ ನಮ್ಮ ಕಡೆ ದವಾಖಾನೆಯಲ್ಲಿ ರೋಗಿ ಬಾಯಿ ಬಿಡುವ ರೂಢಿಯಿಲ್ಲ. ಜೊತೆಗೆ ಬಂದವರು ಹೇಳಬೇಕು, ರೋಗಿ ಆಗಾಗ ನರಳಿದರೆ ಸಾಕು. ಡಾಕ್ಟರು ನನ್ನನ್ನು ಕೇಳಿದರು, ನೀಲವ್ವ ಸೆರಗು ಸರಿಮಾಡಿಕೊಂಡು ಉತ್ತರ ಕೊಟ್ಟಳು. ಭಾರ ಎತ್ತುತ್ತಾರೆಯೇ ಎಂದದ್ದಕ್ಕೆ, ತುಂಬಿದ ಕೊಡವನ್ನು ಇವರು ಮುಟ್ಟಿದ್ದನ್ನೇ ತಾನು ಕಂಡಿಲ್ಲ ಎಂದಳು. ಐದು. ಓದಲು ಆಗುತ್ತದೆಯೇ ಎಂದರೆ, ಪೇಪರು ಹಿಡಿಯುತ್ತಾರೆ, ಎರಡು ಸಾಲಿಗೆ ಅದು ಮುಖದ ಮೇಲಿರುತ್ತದೆ ಎಂದಳು. ಅದಕ್ಕೂ ಐದು. ಗಾಡಿ ಹೊಡೆಯುವ ಮಾತು ಬಂದಾಗ, ಎತ್ತುಗಳು ಇವರ ಮಾತು ಕೇಳುವುದಿಲ್ಲವೆಂದಳು. ಆಮೇಲೆ ಸ್ನಾನ.

"ನೀರ ಕಾಸಿ, ತೋಡಿಕೊಟ್ಟು, ಬೆನ್ನ ತಿಕ್ಕಿ, ಟಾವೆಲ್ ಕೈಯಾಗ ಇಡಬೇಕ್ರಿ," ಎಂದಳು ನೀಲವ್ವ. ಅದರಲ್ಲಿ ಒಂದಾದರೂ ಸುಳ್ಳಿದ್ದರೆ ನನ್ನನ್ನು ಕೇಳಿ.

ಡಾಕ್ಟರ ಮುಖ ಕನಿಕರದಿಂದ ಸಣ್ಣದಾಯಿತು. ಇದೆಲ್ಲ ನೋವಿಗೆ ಸಂಬಂಧಿಸಿದ್ದಲ್ಲವೆಂದು ತಲೆ ಅಲ್ಲಾಡಿಸಲು ನೋಡಿದೆ. ಕುತ್ತಿಗೆ ಒಪ್ಪಲಿಲ್ಲ. ಬಾಯಿಬಿಟ್ಟು ಹೇಳೋಣವೆಂದರೆ, ಮೈಯಲ್ಲಿ ಶಕ್ತಿಯಿದ್ದೂ ಕೊಡ ಎತ್ತದವನು ಎನಿಸಿಕೊಳ್ಳಬೇಕು. ನರಳಿದೆ.

"ಮಾಸ್ತರ, ಇಷ್ಟ ಮಾರ್ಕ್ಸ್ ಇಲ್ಲೀತನಕ ಯಾರಿಗೂ ಬಿದ್ದಿಲ್ರಿ," ಎಂದರು ಡಾಕ್ಟರು. "ಒಂದ ತಿಂಗಳ ತಲಿ ಮ್ಯಾಲ ಏನೂ ಭಾರ ಇಡಂಗಿಲ್ಲ."

"ರುಮಾಲರಿ?" ಎಂದೆ. ಅಂದು ನಾನು ಆಡಿದ್ದು ಅದೊಂದೇ ಮಾತು.

"ಅದೂ ಇಡಂಗಿಲ್ಲ."

ಗಂಡನಿಗೆ ಎಲ್ಲರಿಗಿಂತ ಹೆಚ್ಚು ಮಾರ್ಕ್ಸು ಬಿದ್ದವೆಂದು ನೀಲವ್ವ ಹಿಗ್ಗಿನಿಂದ ಊರಲ್ಲೆಲ್ಲ ಹೇಳಿದಳು. ಮದುವೆಯ ದಿನ ನನ್ನ ರುಮಾಲನ್ನು ಮಡಿಸಿದಂತೆಯೇ ತೆಂಗಿನಕಾಯಿಯ ಜೊತೆ ತೊಡೆಯ ಮೇಲಿಟ್ಟರು. ಮೊದಲ ಸುತ್ತು ಷಡ್ಡಕನ ತಲೆಗೆ ಬಿತ್ತು. ಅವನು ಕೂತದ್ದು ನನ್ನ ಬಲಕ್ಕೆ. ನೋಡಬಾರದೆಂದು ಎಷ್ಟು ಗಟ್ಟಿ ಮನಸ್ಸು ಮಾಡಿದರೂ ಹೊಟ್ಟೆಕಿಚ್ಚು ತಡೆಯಲಾಗದೆ ನೋಡಿಯೇಬಿಟ್ಟೆ. ಕಟಕ್ಕೆಂದು ಕುತ್ತಿಗೆ ಬಲಕ್ಕೆ ತಿರುಗಿತು. ನೋವು ಅಲ್ಲಿಗೇ ಮಾಯ. ಆದರೆ ಆಗ ಎದ್ದು ನಿಂತು ಆರಾಮಾಯಿತು, ರುಮಾಲು ಬಿಚ್ಚಿ ಎನ್ನಲು ಬರುತ್ತದೆಯೇ? ಅವನು ಬಗ್ಗಿ, ತುಂಬ ಮರುಕದಿಂದ, ನೋವು ಹೇಗಿದೆಯೆಂದು ಕೇಳಿದ. ನಿಜ ಹೇಳುತ್ತೇನೆ, ಆ ಮರುಕದಷ್ಟು ಯಾವ ನೋವೂ ನನ್ನನ್ನು ಚುಚ್ಚಿರಲಿಲ್ಲ.

ತಿಂಗಳಾದ ಮೇಲೆ ಮತ್ತೆ ಜತ್ತಿಗೆ ಹೋದೆವು. ಡಾಕ್ಟರು ನನ್ನ ತಲೆ ಹಿಡಿದು ನಾಲ್ಕೂ ಕಡೆ ತಿರುಗಿಸಿ ಖುಷಿಪಟ್ಟರು. ಗುಣ ಎಷ್ಟಾಗಿದೆಯೆಂದು ಅಳೆಯಲು ಅವೇ ಪ್ರಶ್ನೆಗಳನ್ನು ಕೇಳಿದರು. ನೀಲವ್ವ ಅವೇ ಉತ್ತರಗಳನ್ನು ಕೊಟ್ಟಳು. ಒಂದು ಮಾರ್ಕೂ ಇಳಿಯಲಿಲ್ಲ. ಡಾಕ್ಟರು ಎರಡು ಸಲ ಕೂಡಿಸಿ, ಪೆನ್ನು ಕೆಳಗಿಟ್ಟು, ಈ ತ್ರಾಸು ಯಾವಾಗಿನಿಂದ ಎಂದು ಕೇಳಿದರು.

"ಲಗ್ನ ಆದಾಗಿಂದ ನಾ ನೋಡೇನ್ರಿ," ಎಂದಳು ನೀಲವ್ವ. "ಅದರಕಿಂತ ಮೊದಲಿಂದು ಇವರ ಅವ್ವನ್ನ ಕೇಳಬೇಕ್ರಿ."

ಡಾಕ್ಟರು ನಕ್ಕರು. ಔಷಧಿ ಬರೆಯಲಿಲ್ಲ. ಮರುದಿನ ಹಟಕ್ಕೆ ಬಿದ್ದು ನಾನೇ ನೀರು ಕಾಸಿಕೊಂಡೆ, ತೋಡಿಕೊಂಡೆ, ಬೆನ್ನಿಗೆ ಕೈ ಎಟುಕಿದಷ್ಟು ತಿಕ್ಕಿಕೊಂಡೆ. ಒಂದೇ ಸ್ನಾನಕ್ಕೆ ಸೊನ್ನೆಗೆ ಇಳಿದೆನೆಂದು ಬೀಗುತ್ತ, ಮೈಯಿಂದ ನೀರು ಇಳಿಯುತ್ತಿದ್ದಂತೆ ನಿಂತು, ಅಭ್ಯಾಸಬಲದಿಂದ ಕೈ ಹೊರಗೆ ಚಾಚಿ ಟಾವೆಲ್ ಎಲ್ಲಿ ಎಂದು ಕೂಗಿದೆ.

ನೀಲವ್ವ ಒಲೆಯ ಮುಂದಿನಿಂದ ಏಳಲಿಲ್ಲ. ಅಲ್ಲಿಂದಲೇ ಅಂದಳು, "ಕುತ್ತಿಗಿ ಆರಾಮ ಆಗೇತಲ್ರಿ, ಹೊಳ್ಳಿ ನೋಡ್ರಿ. ನಿಮ್ಮ ಬೆನ್ನ ಹಿಂದ ಐತಿ."