‘ಇಸು’ ಇಲ್ಲದ ಸಾಸು

ಕಾನೂನನ್ನು ಗೆಲ್ಲುವುದಕ್ಕೆ ವಕೀಲ ಬೇಕಾಗಿಲ್ಲ, ವ್ಯಾಕರಣ ಸಾಕು ಎಂದು ಮೇಷ್ಟ್ರು ಘೋಷಿಸಿದ ದಿನ ಹಿತ್ತಿಲಿನ ಟೊಮೆಟೊಗಳೆಲ್ಲ ಒಟ್ಟಿಗೇ ಕೆಂಪಗಾಗಿದ್ದವು. ಘೋಷಣೆ ಕೇಳಿ ಅವರ ಹೆಂಡತಿಯ ಮುಖವೂ ಅದೇ ಬಣ್ಣಕ್ಕೆ ತಿರುಗಿತು.

ಈ ಮೇಷ್ಟ್ರು ಸಾಮಾನ್ಯರಲ್ಲ. ಊರಿನ ಅರ್ಧ ಜನಕ್ಕೆ ಸಂಧಿ ಬಿಡಿಸುವುದನ್ನು ಕಲಿಸಿದವರು. ಉಳಿದರ್ಧ ಜನ ಇವರನ್ನು ಕಂಡರೆ ಸಂದಿಯಲ್ಲಿ ನುಸುಳಿ ಪಾರಾಗುವುದನ್ನು ತಾವಾಗಿಯೇ ಕಲಿತವರು. ನಿವೃತ್ತರಾದ ಮೇಲೆ ತಿದ್ದಲು ಮಕ್ಕಳು ಸಿಗದೆ ಅಂಗಡಿಯ ಬೋರ್ಡು, ಔಷಧಿ ಡಬ್ಬಿಯ ಮೇಲಿನ ಬರಹ, ಕೊನೆಗೆ ಸತ್ತವರ ಫೋಟೋ ಕೆಳಗಿನ ಎರಡು ಸಾಲು, ಯಾವುದನ್ನೂ ಬಿಡುತ್ತಿರಲಿಲ್ಲ. ಮನೆಯ ಹಿಂದಿನ ಜಮೀನು ಹೆಂಡತಿಯದು. ಅಗೆಯುವುದು, ನೆಡುವುದು, ನೀರು ಬಿಡುವುದು, ಹುಳ ಆರಿಸುವುದು ಎಲ್ಲ ಆಕೆಯೇ. ಮೇಷ್ಟ್ರು ಮಾಡುತ್ತಿದ್ದ ಕೃಷಿಯೆಂದರೆ, ‘ಕೃಷಿ’ಯನ್ನು ‘ಕ್ರುಷಿ’ ಎಂದು ಬರೆದವರ ಕಿವಿ ಹಿಂಡುವುದು.

ಆ ವರ್ಷ ಎಲ್ಲರ ಹೊಲದಲ್ಲೂ ಟೊಮೆಟೊ ಒಂದೇ ವಾರ ಹಣ್ಣಾಯಿತು. ಸಗಟು ವ್ಯಾಪಾರಿಗಳು ತಿರುಗಿ ನೋಡಲಿಲ್ಲ. ಹೆಂಡತಿ ಮಾತ್ರ ಎದೆಗುಂದಲಿಲ್ಲ. ಹಣ್ಣನ್ನೆಲ್ಲ ಸಾಸು ಮಾಡಿ ಬಾಟಲಿಗೆ ತುಂಬಿ, ಭಾನುವಾರ ತನ್ನದೇ ಗೇಟಿನ ಮುಂದೆ ಮೇಜು ಹಾಕಿ ಮಾರುವುದೆಂದು ತೀರ್ಮಾನಿಸಿದಳು. ಇದು ಆ ವಾರ ಹುಟ್ಟಿದ ಆಸೆಯೇನಲ್ಲ. ತಾನು ಬೆಳೆದದ್ದನ್ನು ತಾನೇ ಮಾಡಿ, ಕೊಳ್ಳುವವರ ಕಣ್ಣೆದುರು ನಿಂತು, ‘ರುಚಿ ನೋಡಿ’ ಎನ್ನಬೇಕೆಂಬ ಹಂಬಲ ಎಷ್ಟೋ ವರ್ಷದಿಂದ ಆಕೆಯ ಎದೆಯಲ್ಲಿ ಸಣ್ಣ ಉರಿಯಲ್ಲಿ ಬೇಯುತ್ತಿತ್ತು. ಬಾಟಲಿಗಳನ್ನು ತೊಳೆದು ಮಗುಚಿಟ್ಟಾಗಿತ್ತು. ಮೇಜಿಗೆ ಬಟ್ಟೆಯೂ ಹೊಲಿದಾಗಿತ್ತು. ಭಾನುವಾರ ತಪ್ಪಿದರೆ ಹಣ್ಣಿಗೆ ಗೊಬ್ಬರದ ಗುಂಡಿಯೇ ಗತಿ.

ಅಷ್ಟರಲ್ಲಿ ಯಾರೋ ಹೇಳಿದರು: ನಿಮ್ಮ ಜಾಗ ಕೃಷಿ ವಲಯದಲ್ಲಿದೆ, ಅಲ್ಲಿ ಬೆಳೆಯಬಹುದು, ಬೇಯಿಸಿ ಮಾರಬಹುದೋ ಇಲ್ಲವೋ ಕಚೇರಿಯಲ್ಲಿ ಕೇಳಿಕೊಳ್ಳಿ. ಹೆಂಡತಿ ಹೊರಟಳು. ಮೇಷ್ಟ್ರು ತಾವೂ ಹೊರಟರು. ದಾರಿಯುದ್ದಕ್ಕೂ ಆಕೆಗೆ ಒಂದೇ ಪಾಠ: ಅಲ್ಲಿ ನೀನು ಬಾಯಿ ಬಿಡಕೂಡದು, ಸರ್ಕಾರದ ಭಾಷೆಯೇ ಬೇರೆ, ಅದನ್ನು ನನಗೆ ಬಿಡು.

ವಲಯದ ಅಧಿಕಾರಿ ನಡುವಯಸ್ಸಿನ ಹೆಂಗಸು, ತಾಳ್ಮೆಯೇ ಕನ್ನಡಕ ಹಾಕಿಕೊಂಡು ಕೂತಂತಿದ್ದರು. ಹೆಂಡತಿ “ಮೇಡಂ, ನಾನು ನಮ್ಮ ಅಡುಗೆಮನೇಲಿ...” ಎನ್ನುವಷ್ಟರಲ್ಲಿ ಮೇಷ್ಟ್ರು ಕುರ್ಚಿಯನ್ನು ಮುಂದಕ್ಕೆಳೆದುಕೊಂಡು, ಮೊದಲು ನಿಯಮ ಏನಿದೆ ಹೇಳಿ ಎಂದರು. ಬೆಳೆದದ್ದನ್ನು ಬೆಳೆದ ಹಾಗೆಯೇ ಮಾರಿದರೆ ಕೃಷಿ, ಅದರ ರೂಪ ಬದಲಾಯಿಸಿದರೆ ಸಂಸ್ಕರಣೆ, ಸಂಸ್ಕರಣೆ ಎಂದರೆ ಕೈಗಾರಿಕೆ, ಕೃಷಿ ವಲಯದಲ್ಲಿ ಕೈಗಾರಿಕೆಗೆ ಜಾಗವಿಲ್ಲ ಎಂದು ಅಧಿಕಾರಿ ವಿವರಿಸಿದರು.

ಮೇಷ್ಟ್ರ ಕಿವಿ ನೆಟ್ಟಗಾಯಿತು. “ಬದಲಾಯಿಸಿದರೆ ಅಂದ್ರಿ. ಬದಲಾದರೆ?”

“ಅಂದ್ರೆ?”

“ನಾವು ಟೊಮೆಟೊ ಒಣಗಿಸಿದರೆ ಕೈಗಾರಿಕೆ. ಅದೇ ಒಣಗಿದರೆ?”

ಅಧಿಕಾರಿ ಕನ್ನಡಕ ತೆಗೆದು ಒರೆಸಿದರು. “ತಾನಾಗಿ ಒಣಗಿದ್ರೆ ನಾವೇನು ಮಾಡೋಕಾಗುತ್ತೆ ಮೇಷ್ಟ್ರೇ? ಅದು ಪ್ರಕೃತಿ.”

“ತಾನಾಗಿ ಒಡೆದರೆ?”

“ಅದೂ ಪ್ರಕೃತಿ.”

“ತಾನಾಗಿ ಕುದಿದರೆ?”

“ನಾನಂತೂ ಕಂಡಿಲ್ಲ. ಕುದಿದ್ರೆ ಪ್ರಕೃತಿ ಅಂತಲೇ ಇಟ್ಕೊಳ್ಳಿ. ಆದರೆ...”

ಮೇಷ್ಟ್ರು ಆಗಲೇ ಎದ್ದು ನಿಂತಿದ್ದರು. ‘ಆದರೆ’ ಎನ್ನುವುದು ಸೋತವರ ಅವ್ಯಯ, ಅದರ ಮುಂದಿನ ವಾಕ್ಯ ಕೇಳಬಾರದು ಎಂಬುದು ಅವರ ಸಿದ್ಧಾಂತ. ಹೆಂಡತಿಯನ್ನು ಹೆಚ್ಚುಕಡಿಮೆ ಎಳೆದುಕೊಂಡೇ ಹೊರಗೆ ಬಂದರು. ಮೆಟ್ಟಿಲ ಮೇಲೆಯೇ ಜ್ಞಾನೋದಯವನ್ನು ಪ್ರಕಟಿಸಿದರು: ಇಡೀ ಕೈಗಾರಿಕಾ ನೀತಿ ನಿಂತಿರುವುದು ಒಂದು ಪ್ರತ್ಯಯದ ಮೇಲೆ. ಒಣಗುವುದು ಕೃಷಿ, ಒಣಗಿಸುವುದು ಕೈಗಾರಿಕೆ. ಬೇಯುವುದು ಕೃಷಿ, ಬೇಯಿಸುವುದು ಕೈಗಾರಿಕೆ. ನಡುವೆ ಇರುವುದು ಬರೀ ‘ಇಸು’. ಆ ‘ಇಸು’ ಒಂದನ್ನು ಕಿತ್ತುಹಾಕಿದರೆ ಸಾಸು ಗಿಡದಲ್ಲಿ ಬಿಟ್ಟಂತೆ!

“ನಾನೇ ಇನ್ನೊಂದು ಸಲ ಒಳಗೆ ಹೋಗಿ ಕೇಳ್ಕೊಂಡು ಬರ್ತೀನಿ ರೀ,” ಎಂದಳು ಹೆಂಡತಿ. “ಎರಡೇ ನಿಮಿಷ.”

ಗೆದ್ದ ಕೇಸನ್ನು ಮತ್ತೆ ಕೋರ್ಟಿಗೆ ಒಯ್ಯುವ ದಡ್ಡರಿದ್ದಾರೆಯೇ ಎಂದು ಮೇಷ್ಟ್ರು ಸ್ಕೂಟರ್ ಹತ್ತಿದರು.

ಅಂದಿನಿಂದ ಮನೆಯಲ್ಲಿ ‘ಇಸು’ವಿಗೆ ಬಹಿಷ್ಕಾರ ಬಿತ್ತು. ಗೋಡೆಗೂ ಕಿವಿಯಿದೆ, ನಾಳೆ ಯಾರಾದರೂ ಸಾಕ್ಷಿ ಹೇಳಿದರೆ ಕಷ್ಟ, ಆದ್ದರಿಂದ ಟೊಮೆಟೊ ವಿಷಯದಲ್ಲಿ ಯಾರೂ ಪ್ರೇರಣಾರ್ಥಕ ಕ್ರಿಯಾಪದ ಬಳಸಕೂಡದೆಂದು ಮೇಷ್ಟ್ರು ಕಟ್ಟಪ್ಪಣೆ ಮಾಡಿದರು. ಹೆಂಡತಿ ಆಜ್ಞೆಯನ್ನು ಶಿರಸಾವಹಿಸಿದಳು. ಟೊಮೆಟೊಗೆ ಮಾತ್ರವಲ್ಲ, ಇಡೀ ಸಂಸಾರಕ್ಕೆ. ಬೆಳಿಗ್ಗೆ ಮೇಷ್ಟ್ರು ಕಾಫಿ ಎಲ್ಲಿ ಎಂದು ಕೇಳಿದರೆ, ಹಾಲು ಪಾತ್ರೆಯಲ್ಲಿದೆ, ತಾನಾಗಿ ಕುದಿದ ಮೇಲೆ ಕುಡಿಯಿರಿ ಎಂಬ ಉತ್ತರ ಬಂತು. ಅಂಗಿ ಒಗೆದಾಯಿತೇ ಎಂದರೆ, ಕೊಳೆ ತಾನಾಗಿ ಹೋಗುತ್ತದೇನೋ ಎಂದು ಕಾಯುತ್ತಿದ್ದೇನೆ ಎಂದಳು. ಮಧ್ಯಾಹ್ನ ಮೇಷ್ಟ್ರು ಬ್ರೆಡ್ಡನ್ನು ನೀರಿನಲ್ಲಿ ಅದ್ದಿ ತಿಂದರು. ಮಹಾಕಾರ್ಯಗಳಿಗೆ ಉಪವಾಸ ಹೊಸದೇನಲ್ಲವಲ್ಲ.

ಈಗ ಬೇಕಾದದ್ದು, ಯಾರೂ ಏನನ್ನೂ ಮಾಡದೆ ಎಲ್ಲವೂ ಆಗುವಂಥ ಒಂದು ವ್ಯವಸ್ಥೆ. ಇದಕ್ಕೆ ಹೆಂಡತಿಯ ತಮ್ಮ ಸಿಕ್ಕಿದ. ಆತನದು ಸೈಕಲ್ ರಿಪೇರಿ ಅಂಗಡಿ. ಲೋಕದಲ್ಲಿ ಯಾವ ವಸ್ತುವನ್ನಾದರೂ ಇನ್ನಾವ ವಸ್ತುವಿಗಾದರೂ ನಟ್ಟು ಬೋಲ್ಟು ಹಾಕಿ ಜೋಡಿಸಬಹುದೆಂದು ನಂಬಿದ ಆಶಾವಾದಿ. ಭಾವನ ವ್ಯಾಕರಣ ಆತನಿಗೆ ಅರ್ಥವಾಗಲಿಲ್ಲ; ತಾರಸಿಯ ಮೇಲೆ ಏನೋ ಕಟ್ಟಬೇಕೆಂಬುದು ಅರ್ಥವಾಯಿತು, ಅಷ್ಟು ಸಾಕಾಯಿತು.

ಶುಕ್ರವಾರ ಸಂಜೆಗೆ ವ್ಯವಸ್ಥೆ ಸಿದ್ಧ. ತಾರಸಿಯ ತುದಿಯಲ್ಲಿ ಟೊಮೆಟೊ ತುಂಬಿದ ದೊಡ್ಡ ತೊಟ್ಟಿ. ಅದರ ಮುಂಬದಿಗೆ ತೂಗುವ ಬಕೆಟ್ಟು. ನಲ್ಲಿಯಿಂದ ಹನಿಹನಿ ನೀರು ತುಂಬಿ ಬಕೆಟ್ಟು ಇಳಿದಂತೆ ತೊಟ್ಟಿ ತಾನಾಗಿ ಬಾಗುವುದು. ಬಾಗಿದ ಮೇಲೆ ಹಣ್ಣುಗಳು ತಗಡಿನ ಜಾರುಬಂಡೆಯಲ್ಲಿ ತಾವಾಗಿ ಉರುಳುವುವು. ಕೆಳಗೆ ಬಿಗಿದ ಹಳೆಯ ಬ್ರೇಕ್ ತಂತಿಗಳ ಮೇಲೆ ತಾವಾಗಿ ಬಿದ್ದು ತಾವಾಗಿ ತುಂಡಾಗುವುವು. ಅಲ್ಲಿಂದ ಅಂಗಳದ ಕರಿ ಕಡಾಯಿಗೆ. ಕಡಾಯಿಯ ಸುತ್ತ ಆರಿಸಿ ತಂದ ಸ್ಕೂಟರ್ ಕನ್ನಡಿಗಳು, ನಟ್ಟನಡುವೆ ಹೆಂಡತಿಯ ನಿಲುವುಗನ್ನಡಿ. ಬಿಸಿಲೆಲ್ಲ ಕಡಾಯಿಗೆ ಬಿದ್ದು ಸಾಸು ಬೇಯುವುದು. ಬೇಯಿಸಿದವನು ಸೂರ್ಯ, ಕಚೇರಿಯವರಿಗೆ ಧೈರ್ಯವಿದ್ದರೆ ಅವನಿಗೆ ನೋಟಿಸು ಕೊಡಲಿ ಎಂದರು ಮೇಷ್ಟ್ರು.

ಹೆಂಡತಿ ಕನ್ನಡಿಯಿಲ್ಲದ ಗೋಡೆಯನ್ನು ನೋಡಿದಳು, ಖಾಲಿ ಬಾಟಲಿಗಳನ್ನು ನೋಡಿದಳು. “ಹಣ್ಣು ಇನ್ನೊಂದು ದಿನ ತಡೆಯುತ್ತೆ ಅಷ್ಟೇ ರೀ. ನನಗೆ ಅಂಗಡಿ ಬೇಕು. ನಿಮಗೆ ಏನು ಬೇಕು?”

ಮೇಷ್ಟ್ರಿಗೆ ಬೇಕಾಗಿದ್ದದ್ದು ಪ್ರೇಕ್ಷಕರು. ಗೆಲುವನ್ನು ಕಣ್ಣಾರೆ ನೋಡಲಿ ಎಂದು ಶನಿವಾರ ಬೆಳಿಗ್ಗೆ ಅಧಿಕಾರಿಯನ್ನೇ ಫೋನು ಮಾಡಿ ಕರೆದರು. ಹಳ್ಳವನ್ನು ತಾವೇ ತೋಡಿ, ಬನ್ನಿ ಬೀಳುವುದನ್ನು ನೋಡಿ ಎಂದು ಆಮಂತ್ರಣ ಕೊಟ್ಟಂತಾಯಿತು.

ಭಾವನ ಮೇಲಿನ ಅಭಿಮಾನದಿಂದ ಮೈದುನ ಒಂದು ಸಣ್ಣ ಸುಧಾರಣೆ ಮಾಡಿದ್ದ. ಹನಿಹನಿ ನೀರು ತುಂಬಲು ತುಂಬಾ ಹೊತ್ತು ಹಿಡಿಯುತ್ತದೆಂದು ನಲ್ಲಿಯನ್ನು ಪೂರಾ ತಿರುಗಿಸಿಟ್ಟಿದ್ದ. ಅಧಿಕಾರಿಯ ಸ್ಕೂಟರ್ ಗೇಟಿನೊಳಗೆ ಬರುವುದಕ್ಕೂ ಬಕೆಟ್ಟು ದಡಕ್ಕನೆ ಇಳಿಯುವುದಕ್ಕೂ ಸರಿಹೋಯಿತು. ತೊಟ್ಟಿ ಬಾಗಲಿಲ್ಲ, ಲಾಗ ಹೊಡೆಯಿತು. ಅದರಲ್ಲಿದ್ದ ಟೊಮೆಟೊಗಳೆಲ್ಲ ಒಮ್ಮೆಗೇ ತಗಡಿನ ಮೇಲೆ ಧುಮುಕಿ, ಗುಡುಗಿನ ಸದ್ದು ಮಾಡುತ್ತ, ತಂತಿಗಳನ್ನು ಹಾರಿ ದಾಟಿ, ಕಡಾಯಿಯನ್ನು ಕಡೆಗಣಿಸಿ, ನೆಟ್ಟಗೆ ಗೇಟಿನ ಕಡೆಗೆ ನುಗ್ಗಿದವು. ಅಧಿಕಾರಿ ಸ್ಕೂಟರಿನಿಂದ ಇಳಿಯಲಿಲ್ಲ, ಜಾರಿದರು. ನಿಯಮ ಜಾರಿ ಮಾಡುವವರು ತಾವೇ ಜಾರಿಯಾದದ್ದು ಅದೇ ಮೊದಲು. ತಾಳ್ಮೆಯ ಕನ್ನಡಕದ ಮೇಲೆ ಒಂದೊಂದು ಗಾಜಿಗೆ ಒಂದೊಂದು ಟೊಮೆಟೊ ಸಿಪ್ಪೆ ಅಂಟಿಕೊಂಡಿತು.

ಅವರನ್ನು ಎತ್ತಲು ಓಡಿದ ಮೇಷ್ಟ್ರು ನಿಲುವುಗನ್ನಡಿಗೆ ಮೊಣಕೈ ತಗುಲಿಸಿದರು. ಕನ್ನಡಿ ತಿರುಗಿತು. ಕಡಾಯಿಗೆಂದು ಕಾದಿದ್ದ ಬಿಸಿಲು, ಹಗ್ಗದ ಮೇಲೆ ಒಣಗುತ್ತಿದ್ದ ಅವರ ಒಳ್ಳೆಯ ಪ್ಯಾಂಟಿನ ಮೇಲೆ ಹೋಗಿ ಕೂತಿತು. ಸ್ವಲ್ಪ ಹೊತ್ತಿಗೆ ಸಣ್ಣಗೆ ಹೊಗೆ ಎದ್ದಿತು.

“ರೀ, ಪ್ಯಾಂಟು ಬೇಯ್ತಿದೆ,” ಎಂದಳು ಹೆಂಡತಿ, ಕೂತಲ್ಲಿಂದ ಏಳದೆ.

“ಆರಿಸು! ಬೇಗ ಆರಿಸು!”

“‘ಇಸು’ ಬಂತಲ್ಲ ರೀ. ತಾನಾಗಿ ಆರಲಿ ಬಿಡಿ, ಪ್ರಕೃತಿ.”

ಮೈದುನ ಬಕೆಟ್ಟಿನ ನೀರು ಎರಚಿದ ಮೇಲೆ ಪ್ರಕೃತಿ ತಣ್ಣಗಾಯಿತು. ಅಧಿಕಾರಿ ಮುಖ ತೊಳೆದುಕೊಂಡು ಬಂದು ತಾರಸಿಯಿಂದ ಅಂಗಳದವರೆಗೆ ಒಮ್ಮೆ ಕಣ್ಣಾಡಿಸಿದರು. ಮೇಷ್ಟ್ರು ಇನ್ನೂ ಸೋತಿರಲಿಲ್ಲ. ಪ್ರಯೋಗದಲ್ಲಿ ಸಣ್ಣ ದೋಷವಿರಬಹುದು, ಸಿದ್ಧಾಂತದಲ್ಲಿ ಇಲ್ಲ ಎಂದು ವಾದಿಸಲು ತಯಾರಾದರು.

“ಇದನ್ನ ನಡೆಸೋರು ಯಾರು?” ಎಂದು ಅಧಿಕಾರಿ ಕೇಳಿದರು.

ಈ ಪ್ರಶ್ನೆಗೇ ಮೇಷ್ಟ್ರು ಇಷ್ಟು ದಿನ ಹಸಿದುಕೊಂಡು ಕಾದದ್ದು. ಎದೆಯುಬ್ಬಿಸಿದರು. “ಯಾರೂ ನಡೆಸೋದಿಲ್ಲ ಮೇಡಂ. ತಾನಾಗಿ ನಡೆಯುತ್ತೆ.”

“ಯಾರ ಕೈಯೂ ಇಲ್ಲ?”

“ಒಬ್ಬರ ಬೆರಳೂ ಇಲ್ಲ.”

ಅಧಿಕಾರಿ ತಲೆಯಾಡಿಸಿದರು. “ಯಾರ ಕೈಯೂ ಇಲ್ಲದೆ ತಾನಾಗಿ ನಡೆಯೋದಕ್ಕೆ ನಮ್ಮಲ್ಲಿ ಒಂದು ಹೆಸರಿದೆ ಮೇಷ್ಟ್ರೇ. ಸ್ವಯಂಚಾಲಿತ ಕಾರ್ಖಾನೆ. ಇದನ್ನ ಸಣ್ಣ ಕೈಗಾರಿಕೆ ಅನ್ನೋಕೂ ಬರಲ್ಲ. ಭಾರಿ ಕೈಗಾರಿಕೆ ವಲಯಕ್ಕೆ ಹೋಗಬೇಕು.”

ಮೇಷ್ಟ್ರ ಬಾಯಿ ತೆರೆಯಿತು. ಅದು ತಾನಾಗಿ ತೆರೆದದ್ದು. ಮುಚ್ಚಿಸಲು ವ್ಯಾಕರಣದಲ್ಲಿ ಏನೂ ಸಿಗಲಿಲ್ಲ. ಕಾರ್ಖಾನೆ ಇರುವ ಜಾಗದಲ್ಲಿ ನಾಳೆ ಗೇಟಿನ ಮಾರಾಟವೂ ನಡೆಯುವಂತಿಲ್ಲ ಎಂದು ಅಧಿಕಾರಿ ಬೇಸರದಿಂದಲೇ ಹೇಳಿದರು. ಆಗ ಮೇಷ್ಟ್ರು ಹೆಂಡತಿಯ ಕಡೆ ನೋಡಿದರು. ಆಕೆ ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಮೇಜಿಗೆಂದು ಹೊಲಿದ ಬಟ್ಟೆಯಿಂದ ಅಧಿಕಾರಿಯ ಸ್ಕೂಟರ್ ಸೀಟು ಒರೆಸುತ್ತಿದ್ದಳು. ಅದನ್ನು ಕಂಡು ಮೇಷ್ಟ್ರು ಆ ವಾರದಲ್ಲಿ ಮೊದಲ ಸಲ ಆಕೆಗೆ ದಾರಿ ಬಿಟ್ಟು ಪಕ್ಕಕ್ಕೆ ಸರಿದು ನಿಂತರು.

ಆ ಅವಕಾಶವನ್ನು ಹೆಂಡತಿ ವ್ಯರ್ಥ ಮಾಡಲಿಲ್ಲ.

“ಮೇಡಂ, ಒಂದು ಮಾತು ಕೇಳ್ತೀನಿ. ನಾನು ಬೆಳೆದ ಹಣ್ಣನ್ನ ನಾನೇ ಕೈಯಲ್ಲಿ ಹೆಚ್ಚಿ, ನಮ್ಮ ಅಡುಗೆಮನೆ ಒಲೆ ಮೇಲೆ ಕುದಿಸಿ, ಆರಿಸಿ, ಸೋಸಿ, ಗೇಟಲ್ಲಿ ಮಾರಬಹುದಾ?”

“ಧಾರಾಳವಾಗಿ ಮಾರಿ,” ಎಂದರು ಅಧಿಕಾರಿ. “ಬೆಳೆದವರು ತಮ್ಮ ಮನೆ ಒಲೇಲಿ ಕೈಯಾರೆ ಮಾಡಿದ್ದು ಕೃಷಿಗೇ ಸೇರುತ್ತೆ. ಯಾರ ಅನುಮತೀನೂ ಬೇಡ. ಅವತ್ತು ಅದನ್ನೇ ಹೇಳೋಣ ಅಂತ ‘ಆದರೆ’ ಅಂದೆ. ಇವರು ಎದ್ದು ಹೋದ್ರು.”

ಮೈದುನ ಯಾರೂ ಹೇಳುವ ಮೊದಲೇ ಕಾರ್ಖಾನೆ ಬಿಚ್ಚಲು ಸ್ಪ್ಯಾನರ್ ಹಿಡಿದು ತಾರಸಿ ಹತ್ತಿದ. ಅದೃಷ್ಟಕ್ಕೆ ತೊಟ್ಟಿಯಲ್ಲಿ ಹಿಡಿಸದ ಹಣ್ಣುಗಳು ಇನ್ನೂ ಬುಟ್ಟಿ ಬುಟ್ಟಿಯಾಗಿ ವರಾಂಡದಲ್ಲಿ ಉಳಿದಿದ್ದವು. ಕತ್ತಲಾಗುವುದರೊಳಗೆ ಎಲ್ಲವೂ ಒಲೆ ಹತ್ತಿದರೆ ನಾಳೆಯ ಅಂಗಡಿಗೆ ತೊಂದರೆಯಿಲ್ಲ. ಹೆಂಡತಿ ಸೆರಗು ಬಿಗಿದು, ಮಣೆ ಹಾಕಿ, ಚಾಕು ತಂದಳು.

ಅಧಿಕಾರಿ ಹೊರಡುತ್ತ ಗೇಟಿನ ಬಳಿ ನಿಂತರು. ಒಂದು ಷರತ್ತಿದೆ ಎಂದರು: ಈ ರಿಯಾಯಿತಿಯಲ್ಲಿ ಹೊರಗಿನವರ ಕೈ ಸೇರಬಾರದು, ಕೆಲಸವೆಲ್ಲ ಮನೆಯವರೇ ಮಾಡಬೇಕು. ಹಾಗೆಂದವರು ಕೆಸರು ಮೆತ್ತಿದ ಕಾಲು, ಕೆಂಪು ಮೆತ್ತಿದ ಅಂಗಿಯಲ್ಲಿ ನಿಂತಿದ್ದ ಮೇಷ್ಟ್ರ ಕಡೆ ಬೆರಳು ತೋರಿಸಿ, “ಇವರು ನಿಮ್ಮ ಮನೆಯವರೇ ತಾನೇ?” ಎಂದು ಕೇಳಿದರು.

ಹೆಂಡತಿ ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಯಾವ ಅವಸರವನ್ನೂ ತೋರಿಸಲಿಲ್ಲ.

“ಸಂಜೆ ಹೊತ್ತಿಗೆ ಹೇಳ್ತೀನಿ ಮೇಡಂ.”

‘ಮನೆಯವರು’ ಎಂಬುದು ಗೌರವಾರ್ಥದ ಬಹುವಚನ, ಅದಕ್ಕೆ ಷರತ್ತು ಹಾಕುವುದು ಭಾಷೆಯ ಜಾಯಮಾನಕ್ಕೇ ಒಗ್ಗದು ಎಂದು ವಿವರಿಸಲು ಮೇಷ್ಟ್ರು ಗಂಟಲು ಸರಿಮಾಡಿಕೊಂಡರು. ಹೆಂಡತಿ ಬುಟ್ಟಿಯನ್ನು ಅವರ ಮುಂದೆ ತಳ್ಳಿ, ಚಾಕುವನ್ನು ಕೈಗಿಟ್ಟಳು.

“ರೀ, ಹೆಚ್ಚು ಮಾತಾಡ್ಬೇಡಿ. ಹೆಚ್ಚಿ.”