ಹಲ್ಲುಪುಡಿಯ ಯಜಮಾನಿ ಮತ್ತು ಸರ್ಕಾರದ ಗುಮಾಸ್ತ

ಸರ್ಕಾರಿ ಕೆಲಸ ಬಿಡದೆ ಪಕ್ಕದಲ್ಲೊಂದು ಸಣ್ಣ ವ್ಯಾಪಾರ ಇಟ್ಟುಕೊಂಡವನಿಗೆ ನಗೆಪಾಟಲು ತಪ್ಪಿದ್ದಲ್ಲ. ಬೇರೆಯವರಿಗೆ ವರ್ಷಕ್ಕೊಂದು ಸಲ ಆಗುತ್ತಿತ್ತೇನೋ, ನನಗೆ ವಾರಕ್ಕೊಂದು ಸಲ ಆಯಿತು. ಬಳ್ಳಾರಿ ಜಿಲ್ಲೆ ಮದರಾಸಿಗೆ ಸೇರಿದ್ದ ಕಾಲ ಅದು. ಹೊಸಪೇಟೆಯ ಒಂದು ಸರ್ಕಾರಿ ಕಚೇರಿಯಲ್ಲಿ ನಾನು ಟಪಾಲು ಗುಮಾಸ್ತ. ಯಾವ ಕಚೇರಿ ಎಂದು ಹೇಳುವುದಿಲ್ಲ, ಪಿಂಚಣಿ ಇನ್ನೂ ಬರುತ್ತಿದೆ.

ಬಿಟ್ಟಿ ಹೊಟ್ಟು

ನನ್ನ ಸಂಬಳಕ್ಕೆ ತಿಂಗಳ ಕೊನೆಯ ತನಕ ನಡೆಯುವ ಶಕ್ತಿ ಇರಲಿಲ್ಲ, ಇಪ್ಪತ್ತನೇ ತಾರೀಖಿಗೇ ಕುಸಿದು ಕೂರುತ್ತಿತ್ತು. ಮನೆಯಲ್ಲಿ ಮೂರು ಮಕ್ಕಳು. ಏನಾದರೂ ವ್ಯಾಪಾರ ಮಾಡೋಣ ಎಂದು ಹೆಂಡತಿಗೆ ಹೇಳಿದೆ. ಕಾಫಿ ಕ್ಲಬ್ಬು ಅಂದೆ, ಸೋಡಾ ಅಂಗಡಿ ಅಂದೆ, ಸೈಕಲ್ ಬಾಡಿಗೆ ಅಂದೆ. ಒಂದೊಂದಕ್ಕೂ ಅವಳು ಬಂಡವಾಳ ಎಲ್ಲಿದೆ ಎಂದು ಕೇಳಿದಳು. ಕೊನೆಗೆ ಬಿಟ್ಟಿ ಸಿಗುವ ಪದಾರ್ಥ ಯಾವುದು ಎಂದು ಅವಳೇ ಯೋಚನೆ ಮಾಡಿದಳು.

ಅವಳ ತವರು ಕಂಪ್ಲಿ. ಅಣ್ಣನದು ಅಕ್ಕಿ ಗಿರಣಿ. ಗಿರಣಿಯ ಹಿಂದೆ ಭತ್ತದ ಹೊಟ್ಟು ಗುಡ್ಡದಷ್ಟು ಬಿದ್ದಿತ್ತು, ಯಾರಾದರೂ ಹೊತ್ತುಕೊಂಡು ಹೋದರೆ ಅಣ್ಣ ಕೈಮುಗಿಯುತ್ತಿದ್ದ. ಅದನ್ನು ಬಂಡಿಯಲ್ಲಿ ತರಿಸಿ, ಸುಟ್ಟು, ಕುಟ್ಟಿ, ಉಪ್ಪು, ಲವಂಗ, ಚಿಟಿಕೆ ಕರ್ಪೂರ ಹಾಕಿ ಹಲ್ಲುಪುಡಿ ಮಾಡಿದಳು.

ತೊಂದರೆ ಒಂದೇ. ಸರ್ಕಾರಿ ನೌಕರ ವ್ಯಾಪಾರ ಮಾಡಬಾರದು ಎಂದು ನಿಯಮವಿತ್ತು. ಸಿಕ್ಕಿಬಿದ್ದರೆ ಕೆಲಸ ಹೋದಂತೆಯೇ. ಅದಕ್ಕೆ ವ್ಯಾಪಾರವನ್ನು ಹೆಂಡತಿಯ ಹೆಸರಿನಲ್ಲಿ ಇಟ್ಟೆ. ಹೆಸರು ಮಾತ್ರ ಅವಳದು, ವ್ಯಾಪಾರ ನನ್ನದು ಎಂದು ನಾನು ತಿಳಿದುಕೊಂಡಿದ್ದೆ. ಅವಳು ಹಾಗೆ ತಿಳಿದುಕೊಂಡಿರಲಿಲ್ಲ.

ಮೊದಲ ಪುಡಿಯನ್ನು ಸರಿಯಾಗಿ ಜರಡಿ ಹಿಡಿದಿರಲಿಲ್ಲ. ಪರೀಕ್ಷೆಗೆ ನನ್ನ ಬಾಯೇ ಗತಿ. ಉಜ್ಜಿದೆ, ಎಷ್ಟು ಬಾಯಿ ಮುಕ್ಕಳಿಸಿದರೂ ಕರಿ ಹೋಗಲಿಲ್ಲ. ಹಲ್ಲು, ನಾಲಗೆ, ತುಟಿಯ ಒಳಗೆಲ್ಲ ಕಪ್ಪು. ಬಾಯಿ ಮುಚ್ಚಿಕೊಂಡು ಕಚೇರಿಗೆ ಹೋದರೆ ಅವತ್ತೇ ಸಾಹೇಬರು ಕರೆಸಬೇಕೆ?

ಸಾಹೇಬರು ಮದರಾಸಿನ ಕಡೆಯವರು. ಕನ್ನಡವನ್ನು ಅರ್ಜಿಗಳಿಂದಲೇ ಕಲಿತಿದ್ದರು, ಹಾಗಾಗಿ ಅರ್ಜಿಯ ಕನ್ನಡವನ್ನೇ ಮಾತಾಡುತ್ತಿದ್ದರು. ಬಾಯಾರಿದರೆ "ಸದರಿ ನೀರನ್ನು ತರತಕ್ಕದ್ದು" ಅನ್ನುತ್ತಿದ್ದರು. ಒಂದು ಕಾಗದವನ್ನು ತೋರಿಸಿ, ಇದನ್ನು ಹನ್ನೊಂದು ದಿನ ತಡಮಾಡಿದವನು ನೀನೇ ಏನು ಎಂದು ಕೇಳಿದರು. ಬಾಯಿ ಬಿಡುವಂತಿಲ್ಲ. ಹೌದು ಎಂದು ತಲೆಯಾಡಿಸಿದೆ. ಇನ್ನು ಮುಂದೆ ಹೀಗೆ ಆಗುತ್ತದೆಯೇ ಎಂದರು. ಇಲ್ಲ ಎಂದು ತಲೆಯಾಡಿಸಿದೆ. ಸಾಹೇಬರು ಕಚೇರಿಯವರನ್ನೆಲ್ಲ ಕರೆಸಿ, ಸದರಿ ಗುಮಾಸ್ತನನ್ನು ನೋಡಿ ಎಲ್ಲರೂ ವಿನಯ ಕಲಿಯತಕ್ಕದ್ದು ಎಂದರು. ಹದಿನೈದು ವರ್ಷದ ನೌಕರಿಯಲ್ಲಿ ನನಗೆ ಸಿಕ್ಕ ಮೊದಲ ಹೊಗಳಿಕೆ ಅದು, ಬಾಯಿ ಮುಚ್ಚಿದ್ದಕ್ಕೆ.

ಸಂಡೂರಿನಲ್ಲಿ ಒಂದು ಭಾನುವಾರ

ನಿಯಮದ ಭಯಕ್ಕೆ ನಾನೊಂದು ಉಪಾಯ ಹುಡುಕಿದೆ. ಸಂಡೂರು ಮದರಾಸಿಗೆ ಸೇರಿದ್ದಲ್ಲ, ಅದು ಬೇರೆ ಸಂಸ್ಥಾನ, ಅಲ್ಲಿಗೆ ಬೇರೆ ರಾಜರು. ನಮ್ಮ ಸರ್ಕಾರದ ಗುಮಾಸ್ತ ಇನ್ನೊಬ್ಬ ರಾಜರ ಊರಿನಲ್ಲಿ ಹಲ್ಲುಪುಡಿ ಮಾರಿದರೆ ಯಾವ ನಿಯಮ ತಾನೇ ಬೆನ್ನಟ್ಟಿ ಬಂದೀತು?

ಒಂದು ಭಾನುವಾರ ಕೋಟು ತೆಗೆದಿಟ್ಟು, ವ್ಯಾಪಾರಸ್ಥರ ಹಾಗೆ ರುಮಾಲು ಸುತ್ತಿ, ಪೊಟ್ಟಣಗಳ ಗಂಟು ಹೊತ್ತು ಬಸ್ಸು ಹತ್ತಿದೆ. ಸಂಡೂರಿನ ಬಜಾರಿನಲ್ಲಿ ಗೋಣಿಚೀಲ ಹಾಸಿಕೊಂಡು ಕೂತೆ. ಈ ಕಡೆ ಬಳೆ ಮಾರುವವನು, ಆ ಕಡೆ ಎಲೆ ಅಡಿಕೆ ಮಾರುವ ಒಬ್ಬ ಮುದುಕಿ.

ಮೊದಲ ಗಿರಾಕಿ ಗಣಿ ಕೆಲಸದವನು. ಒಂದು ಪೊಟ್ಟಣ ಕೊಡ್ರಿ ಅಂದ. ಹದಿನೈದು ವರ್ಷದ ಅಭ್ಯಾಸ ನೋಡಿ, ತಲೆ ಎತ್ತದೆ ಹೇಳಿಬಿಟ್ಟೆ, ಇವತ್ತು ಆಗುವುದಿಲ್ಲ, ನಾಳೆ ಬಾ ಎಂದು. ಅವನು ಪಾಪ ಹೋಗಿಯೇಬಿಟ್ಟ. ಎರಡನೆಯವನು ಎರಡು ಪೊಟ್ಟಣ ಕೇಳಿದ. ಯಾಕೆ ಬೇಕು ಎಂದು ಬರೆದು ಕೊಡು, ನೋಡೋಣ ಅಂದೆ. ಮೂರನೆಯವಳು ವಸಡು ನೋವಿಗೆ ಇದು ಆಗುತ್ತದೆಯೇ ಎಂದು ವಿಚಾರಿಸಿದಳು. ಅದು ನನ್ನ ವಿಭಾಗಕ್ಕೆ ಬರುವುದಿಲ್ಲ, ಪಕ್ಕದಲ್ಲಿ ಕೇಳು ಎಂದು ಬಳೆಯವನ ಕಡೆ ಕೈತೋರಿಸಿದೆ. ಅವನು ಅವಳಿಗೆ ಒಂದು ಡಜನ್ ಬಳೆ ಮಾರಿದ.

ಮಧ್ಯಾಹ್ನದ ತನಕ ಒಂದು ಪೊಟ್ಟಣವೂ ಹೋಗಲಿಲ್ಲ. ಗಂಟು ಕಟ್ಟುತ್ತಿದ್ದಾಗ ಎಲೆ ಅಡಿಕೆಯ ಮುದುಕಿ ನನ್ನ ಕಡೆ ಬಾಗಿ ಮೆಲ್ಲಗೆ ಹೇಳಿದಳು: "ಸರ್ಕಾರಿ ನೌಕ್ರಿ ಅನ್ನೋದು ಗೊತ್ತಾತು ಬಿಡಪ್ಪ. ಯಾವ ಕಚೇರಿ ಅನ್ನೋದೊಂದ ಗೊತ್ತಾಗವಲ್ದು."

ಹಂಪಿಯ ಕಥೆಗಾರ

ಮಾರುವ ಕೆಲಸದಿಂದ ನನ್ನನ್ನು ಅಂದೇ ತೆಗೆದು ಹಾಕಿದಳು ಹೆಂಡತಿ. ನನ್ನ ಜಾಗಕ್ಕೆ ಹಂಪಿಯಲ್ಲಿ ಒಬ್ಬನನ್ನು ಹಿಡಿದಳು. ಯಾತ್ರೆಗೆ ಬಂದವರಿಗೆ ಹಾಳು ಗುಡಿ, ಮಂಟಪ ತೋರಿಸಿ ಕಥೆ ಹೇಳುವುದು ಅವನ ಕಸುಬು. ಅವನ ಕೈಗೆ ಕೊಟ್ಟ ಪುಡಿ ವಾರದೊಳಗೆ ಖಾಲಿಯಾಗುತ್ತಿತ್ತು. ಹೇಗೆ ಎಂದು ನಾವು ಕೇಳಲಿಲ್ಲ.

ಒಂದು ಸಲ ಪುಡಿ ಮುಟ್ಟಿಸಲು ಹೋದಾಗ ಕಂಬದ ಮರೆಯಲ್ಲಿ ನಿಂತು ಕೇಳಿದೆ. ಇದು ವಿಜಯನಗರದ ರಾಣಿಯರು ಹಲ್ಲುಜ್ಜುತ್ತಿದ್ದ ಪುಡಿ, ರಾಣಿಯರ ಸ್ನಾನದ ಕೊಳದ ಹತ್ತಿರ ನೆಲ ಅಗೆದಾಗ ಒಂದು ಕೊಡ ತುಂಬ ಸಿಕ್ಕಿತು ಎನ್ನುತ್ತಿದ್ದಾನೆ. ಹಿಂದಿನ ಭಾನುವಾರ ನಾನು ಕೈ ಸುಟ್ಟುಕೊಂಡು ಕರಿ ಮಾಡಿದ ಹೊಟ್ಟು ಅದು. ಯಾತ್ರೆಯವರಲ್ಲಿ ಕನ್ನಡಕ ಹಾಕಿದ ಒಬ್ಬ ಯಜಮಾನರಿದ್ದರು, ಸುಲಭಕ್ಕೆ ನಂಬುವ ಆಸಾಮಿಯಲ್ಲ. ಇಂಥ ಪುಡಿ ಇದ್ದ ಮೇಲೆ ಅಷ್ಟು ದೊಡ್ಡ ರಾಜ್ಯ ಯಾಕೆ ಹಾಳಾಯಿತು ಎಂದು ಕೇಳಿದರು. ಹಲ್ಲಿಗೂ ರಾಜ್ಯಕ್ಕೂ ಏನು ಸಂಬಂಧ ಎಂದು ನನಗೆ ತಿಳಿಯಲಿಲ್ಲ, ಆದರೆ ಕಥೆಗಾರ ಕಣ್ಣು ಮಿಟುಕಿಸಲಿಲ್ಲ.

"ಪುಡಿ ತೀರಿತ್ರೀ ಯಜಮಾನ್ರ," ಅಂದ.

ಯಜಮಾನರು ನಾಲ್ಕು ಪೊಟ್ಟಣ ತೆಗೆದುಕೊಂಡರು.

ಬುಕ್ಕಸಾಗರದ ಅರ್ಜಿ

ಪೊಟ್ಟಣ ಕಟ್ಟಲು ಕಾಗದ ಬೇಕಲ್ಲ. ನಮ್ಮ ಕಚೇರಿಯಲ್ಲಿ ಬೇಡವಾದ ಹಳೆಯ ಕಾಗದಗಳನ್ನು ರದ್ದಿಗೆ ಹಾಕುತ್ತಿದ್ದರು. ಜವಾನನ ಕೈಯಿಂದ ಅದನ್ನು ಕೊಂಡುಕೊಳ್ಳುತ್ತಿದ್ದೆ. ಬೇಡವಾದದ್ದು ಯಾವುದು, ಬೇಕಾದದ್ದು ಯಾವುದು ಎಂದು ಜವಾನ ಬಹಳ ತಲೆಕೆಡಿಸಿಕೊಳ್ಳುತ್ತಿರಲಿಲ್ಲ.

ಬುಕ್ಕಸಾಗರದ ಒಬ್ಬ ರೈತ ಆರು ತಿಂಗಳಿಂದ ಕಚೇರಿಗೆ ಅಲೆಯುತ್ತಿದ್ದ. ಮೇಲಿನ ಹೊಲದವನು ಕಾಲುವೆಯ ತೂಬಿಗೆ ಕಲ್ಲು ತುರುಕಿ ಇವನ ಗದ್ದೆಗೆ ನೀರು ಬಿಡುತ್ತಿರಲಿಲ್ಲ. ಬಂದಾಗಲೆಲ್ಲ ನಾನು ಅರ್ಜಿ ಪರಿಶೀಲನೆಯಲ್ಲಿದೆ ಅನ್ನುತ್ತಿದ್ದೆ. ಅವನು ನಮಸ್ಕಾರ ಮಾಡಿ ಹೋಗುತ್ತಿದ್ದ.

ಒಂದು ಬೆಳಿಗ್ಗೆ ಅವನು ನನ್ನ ಮನೆಗೇ ಬಂದ. ಕೈಯಲ್ಲಿ ಬಿಚ್ಚಿದ ಪೊಟ್ಟಣ. ಪುಡಿ ಸರಿಯಿಲ್ಲ ಎಂದು ಜಗಳಕ್ಕೆ ಬಂದನೇನೋ ಅಂದುಕೊಂಡೆ. ಅವನು ಕಾಗದವನ್ನು ಮೊಣಕಾಲಿನ ಮೇಲಿಟ್ಟು ಸುಕ್ಕು ಬಿಡಿಸಿ ನನ್ನ ಮುಂದೆ ಹಿಡಿದ.

"ಪುಡಿ ಮಸ್ತ್ ಐತ್ರಿ," ಅಂದ. "ಆದ್ರ ಈ ಕೆಳಗಿನ ರುಜು ನಂದಾ ಹೌದಲ್ರಿ?"

ಅವನ ಅರ್ಜಿಯೇ. ನನಗೆ ನಿಜವಾಗಿ ನಾಚಿಕೆಯಾಯಿತು. ಅವನು ಒಂದು ಬೈಗುಳ ಬೈದಿದ್ದರೂ ಹಗುರಾಗುತ್ತಿತ್ತು, ಬೈಯಲಿಲ್ಲ. ಅವತ್ತೇ ಅರ್ಜಿಯನ್ನು ಎಲ್ಲಕ್ಕಿಂತ ಮೇಲಿಟ್ಟು ಸಾಹೇಬರ ಮುಂದೆ ಒಯ್ದೆ. ಅವರು ಮೂಗಿನ ಹತ್ತಿರ ಹಿಡಿದು, ಸದರಿ ಅರ್ಜಿಯು ಲವಂಗದ ವಾಸನೆಯಿಂದ ಕೂಡಿರುತ್ತದೆ ಎಂದರು. ಮೂಗಿಗೆ ಹಿತವಾದ ಅರ್ಜಿಯನ್ನು ಅವರು ಮೊದಲ ಸಲ ಕಂಡಿದ್ದರೆಂದು ಕಾಣುತ್ತದೆ, ಪೂರ್ತಿ ಓದಿದರು. ನಾಲ್ಕು ದಿನದಲ್ಲಿ ತೂಬಿನ ಕಲ್ಲು ಹೋಯಿತು, ಗದ್ದೆಗೆ ನೀರು ಬಂತು.

ಮುಂದಿನ ವಾರ ರೈತ ಇನ್ನೊಂದು ಅರ್ಜಿ ಬರೆಸಿಕೊಂಡು ಬಂದ. ಕಚೇರಿಯ ಕಡೆ ತಿರುಗಿಯೂ ನೋಡದೆ ಸೀದಾ ನನ್ನ ಹೆಂಡತಿಯ ಕೈಗೆ ಕೊಟ್ಟ. "ಯವ್ವಾ, ಇದರಾಗೂ ಪುಡಿ ಕಟ್ಟಿಬಿಡವ್ವಾ. ಕಚೇರಿಗಿಂತ ನಿಮ್ಮಲ್ಲಿ ಜಲ್ದಿ ಆಕ್ಕತಿ."

ನನಗೆ ನಾನೇ ಬರೆದ ಮೆಮೊ

ಕೊನೆಗೂ ಹೆದರಿದ್ದು ಬಂತು. ಒಂದು ದಿನ ಟಪಾಲು ಒಡೆಯುತ್ತಿದ್ದಾಗ ಒಂದು ಮೂಗರ್ಜಿ ಸಿಕ್ಕಿತು. ಬರೆದವರ ಹೆಸರಿಲ್ಲ, ಆದರೆ ನನ್ನ ಹೆಸರು ಮೂರು ಕಡೆ ಇತ್ತು. ಈ ಗುಮಾಸ್ತ ಹೆಂಡತಿಯ ಹೆಸರಿಟ್ಟುಕೊಂಡು ತಾನೇ ಹಲ್ಲುಪುಡಿ ವ್ಯಾಪಾರ ಮಾಡಿ ಸರ್ಕಾರಕ್ಕೆ ಮೋಸ ಮಾಡುತ್ತಿದ್ದಾನೆ, ಇವನನ್ನು ಕೆಲಸದಿಂದ ತೆಗೆಯಬೇಕು ಎಂದಿತ್ತು. ಹರಿದು ಹಾಕೋಣವೆಂದರೆ, ಪ್ರತಿಯನ್ನು ಬಳ್ಳಾರಿಯ ದೊಡ್ಡ ಕಚೇರಿಗೂ ಕಳಿಸಿದ್ದೇನೆ ಎಂದು ಕೆಳಗೆ ಬರೆದಿದ್ದ ಪುಣ್ಯಾತ್ಮ. ನಂಬರು ಹಾಕಿ ಸಾಹೇಬರ ಮುಂದಿಟ್ಟೆ.

ಅವರು ಓದಿ, ಸದರಿ ಗುಮಾಸ್ತನಿಗೆ ವಿವರಣೆ ಕೇಳಿ ಮೆಮೊ ಕೊಡತಕ್ಕದ್ದು ಎಂದರು. ಯಾರಿಂದ ಬರೆಸಲಿ ಎಂದು ಕೇಳಿದೆ. ಮೆಮೊ ಬರೆಯುವುದು ಯಾರ ಕೆಲಸ ಎಂದು ಅವರೂ ಕೇಳಿದರು. ನನ್ನದೇ.

ಹಾಗಾಗಿ ನಾನು ನನಗೆ ಮೆಮೊ ಬರೆದೆ. ಸ್ವಲ್ಪ ಕಟುವಾಗಿಯೇ ಬರೆದೆ, ಪಕ್ಷಪಾತ ಎಂದು ಯಾರೂ ಅನ್ನಬಾರದಲ್ಲ. ಅದನ್ನು ನನಗೆ ತಲುಪಿಸಿ, ತಲುಪಿದ್ದಕ್ಕೆ ರುಜು ತೆಗೆದುಕೊಂಡೆ. ವ್ಯಾಪಾರ ಹೆಂಡತಿಯದೇ ಹೊರತು ನನ್ನದಲ್ಲ ಎಂದು ಮೂರು ಪುಟದ ಉತ್ತರ ಬರೆದೆ. ಉತ್ತರಕ್ಕೆ ನಂಬರು ಹಾಕಿದೆ. ಇಷ್ಟಕ್ಕೇ ಸುಮ್ಮನಾಗಿದ್ದರೆ ಬದುಕುತ್ತಿದ್ದೆ. ಆದರೆ ಯಾರ ಉತ್ತರ ಬಂದರೂ ಅದರ ಕೆಳಗೆ ಒಂದು ಸಾಲು ಗೀಚುವುದು ನನ್ನ ರೂಢಿ. ಕೈ ತನ್ನ ಪಾಡಿಗೆ ತಾನು ಗೀಚಿಬಿಟ್ಟಿತು: ಸದರಿ ಉತ್ತರವು ಸಮರ್ಪಕವಾಗಿಲ್ಲ.

ಸಾಹೇಬರು ಆ ಸಾಲನ್ನು ಎರಡು ಸಲ ಓದಿದರು. ಗುಮಾಸ್ತನಿಗೇ ತನ್ನ ಮಾತಿನ ಮೇಲೆ ನಂಬಿಕೆಯಿಲ್ಲದ ಮೇಲೆ ಖುದ್ದು ವಿಚಾರಣೆ ನಡೆಸತಕ್ಕದ್ದು ಎಂದು ಬರೆದರು.

ಮನೆಗೆ ಬಂದು, ಇನ್ನು ನಮ್ಮ ಗತಿ ಮುಗಿಯಿತು, ಮಕ್ಕಳನ್ನು ಕಟ್ಟಿಕೊಂಡು ಕಂಪ್ಲಿಯಲ್ಲಿ ನಿನ್ನ ಅಣ್ಣನ ಗಿರಣಿ ಕಾಯಬೇಕು ಎಂದು ಹೆಂಡತಿಗೆ ಹೇಳಿದೆ. ಅವಳು ಒನಕೆ ನಿಲ್ಲಿಸಲಿಲ್ಲ. ಭಾನುವಾರಕ್ಕೆ ಮೂರು ಚೀಲ ಜರಡಿ ಹಿಡಿಯುವುದಿದೆ, ಅಳುವುದಿದ್ದರೆ ಅದಾದ ಮೇಲೆ ಅಳ್ರಿ ಅಂದಳು.

ಸಾಹೇಬರು ಬಂದದ್ದು ಆ ಭಾನುವಾರ ಬೆಳಿಗ್ಗೆಯೇ. ಅಂಗಳದಲ್ಲಿ ಜರಡಿ ಹಿಡಿದು ಕೂತಿದ್ದೆ. ತಲೆಯಿಂದ ಕಾಲಿನ ತನಕ ಕರಿ, ಕಣ್ಣು ಎರಡು ಬಿಟ್ಟರೆ ನನ್ನದು ಎಂದು ಹೇಳಬಹುದಾದ್ದು ಏನೂ ಕಾಣುತ್ತಿರಲಿಲ್ಲ. ಸಾಹೇಬರಿಗೆ ಗುರುತು ಸಿಗಲಿಲ್ಲ. ಸದರಿ ಕೂಲಿಯವನೇ, ನಿನ್ನ ಯಜಮಾನರು ಯಾರು ಎಂದು ಕೇಳಿದರು. ಸುಳ್ಳು ಹೇಳಿದರೆ ಕೆಲಸ ಹೋದೀತೆಂಬ ಭಯ. ಸತ್ಯವಾಗಿ ಬೆರಳು ತೋರಿಸಿದೆ. ಬಾಗಿಲಲ್ಲಿ ಹೆಂಡತಿ ನಿಂತಿದ್ದಳು.

"ಬರ್ರಿ, ಕುಂದ್ರಿ," ಎಂದು ಅವಳು ಚಾಪೆ ಹಾಸಿದಳು. ವ್ಯಾಪಾರ ಯಾರದು ಎಂದು ಸಾಹೇಬರು ಕೇಳಿದರು. ನಂದರಿ ಅಂದಳು. ಹೆಸರಿಗೆ ಮಾತ್ರ ನಿನ್ನದು, ನಡೆಸುವುದು ನಿನ್ನ ಗಂಡ ಎಂದು ಅರ್ಜಿ ಬಂದಿದೆ ಎಂದರು.

ಹೆಂಡತಿ ನನ್ನನ್ನು ಮೇಲಿಂದ ಕೆಳಗೆ ನೋಡಿದಳು. ಸಾಹೇಬರೂ ಅವಳ ನೋಟದ ಹಿಂದೆಯೇ ಬಂದು ನನ್ನನ್ನು ನೋಡಿದರು. ಕೂಲಿಯವನ ಕಿವಿಯ ಮೇಲೆ ಸರ್ಕಾರದ ಲೇಖಣಿ ಇರುವುದು ಆಗ ಅವರಿಗೆ ಕಂಡಿತು.

"ಇವರು ನಡಸ್ತಾರಂತೇನ್ರಿ?" ಅಂದಳು ಹೆಂಡತಿ. "ಉಪ್ಪು ಹಾಕು ಅಂದ್ರ ಎರಡು ಸಲ ಹಾಕ್ತಾರ. ಪೊಟ್ಟಣ ಕಟ್ಟು ಅಂದ್ರ ತಳ ಬಿಟ್ಟು ಕಟ್ತಾರ. ಸರ್ಕಾರದವರು ಇಷ್ಟು ವರ್ಷ ಇಟ್ಟುಕೊಂಡಾರಲ್ಲ, ಏನಾರ ಕೆಲಸಕ್ಕ ಬರಬಹುದು ಅಂತ ನಾನೂ ಇಟ್ಟುಕೊಂಡೀನ್ರಿ."

ಸಂಬಳ ಏನು ಕೊಡುತ್ತೀ ಎಂದು ಸಾಹೇಬರು ಮೆಲ್ಲಗೆ ಕೇಳಿದರು.

"ಊಟರಿ. ಅದೂ ಕೆಲಸ ಮುಗಿದ ಮ್ಯಾಲೆ." ಆಮೇಲೆ ನನ್ನ ಕಡೆ ತಿರುಗಿ, "ಏನ್ರಿ, ಬಾಯಿ ನೋಡ್ಕೋತ ಕುಂತೀರಲ್ಲ, ಜರಡಿ ಆಡಸ್ರಿ," ಅಂದಳು. ಆಡಿಸಿದೆ.

ಸಾಹೇಬರು ಏಳುವಾಗ ಅತ್ತಿತ್ತ ನೋಡಿ, ತಮ್ಮ ಮನೆಯಾಕೆ ಎರಡು ಪೊಟ್ಟಣ ತರಲು ಹೇಳಿದ್ದಾರೆ, ಮರೆತು ಬಂದರೆ ತೊಂದರೆಯಾಗುತ್ತದೆ ಎಂದರು. ಹೆಂಡತಿ ಕಟ್ಟಿಕೊಟ್ಟಳು.

ಸೋಮವಾರ ಬಳ್ಳಾರಿಗೆ ಹೋಗಬೇಕಾದ ವರದಿಯನ್ನು ಸಾಹೇಬರು ಹೇಳಿ ಬರೆಸಿದರು. ಬರೆಯುವವನು ಇನ್ಯಾರು, ನಾನೇ. ನನ್ನ ಕೈಯಾರೆ ನಾನು ಬರೆದ ಆ ವರದಿ ಹೀಗಿತ್ತು:

"ಸದರಿ ಗುಮಾಸ್ತನ ಬಗ್ಗೆ ಖುದ್ದು ವಿಚಾರಣೆ ನಡೆಸಲಾಯಿತು. ಸದರಿಯವನು ವ್ಯಾಪಾರ ಮಾಡುತ್ತಿಲ್ಲ, ಮಾಡುವ ಯೋಗ್ಯತೆಯೂ ಕಂಡುಬಂದಿಲ್ಲ. ವ್ಯಾಪಾರವು ಹೆಂಡತಿಯದೇ. ಸದರಿಯವನು ಆಕೆಯ ಕೈಕೆಳಗೆ ಸಂಬಳವಿಲ್ಲದೆ ದುಡಿಯುತ್ತಿದ್ದಾನೆ. ಇದನ್ನು ನಿಷೇಧಿಸುವ ನಿಯಮ ಯಾವುದೂ ಇಲ್ಲ. ಇದ್ದ ಪಕ್ಷದಲ್ಲಿ, ಕೆಳಗೆ ರುಜು ಮಾಡಿದವರೂ ಸೇರಿದಂತೆ, ಈ ಕಚೇರಿಯಲ್ಲಿ ಒಬ್ಬನೂ ಕೆಲಸದಲ್ಲಿ ಉಳಿಯುತ್ತಿರಲಿಲ್ಲ."